ಎರಡು ನಕ್ಷೆಗಳ ನಡುವಿನ ಶೆಡ್ಡು

ನಮ್ಮ ಚಿಕ್ಕಮ್ಮನನ್ನು ದಾರಿಯಲ್ಲಿ ಮಾತಾಡಿಸಿದವರದೆಲ್ಲ ಒಂದೇ ದೂರು: ನಕ್ಕಳು, ಆದರೆ ನನ್ನನ್ನು ನೋಡಿ ಅಲ್ಲ. ಅವಳು ನಡೆಯುತ್ತಿದ್ದುದು ಬೀದಿಯಲ್ಲಾದರೂ ಇರುತ್ತಿದ್ದುದು ಯಾವುದೋ ನಕ್ಷೆಯೊಳಗೆ. ಉಪ್ಪಿನ ಡಬ್ಬ ಎಲ್ಲಿ ಎಂದರೆ "ಒಲೆಯಿಂದ ಉತ್ತರಕ್ಕೆ" ಎನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಪ್ಪ ಮಾತ್ರ ಎದ್ದುಹೋಗಿ ಉತ್ತರದಿಂದ ಉಪ್ಪು ತರುತ್ತಿದ್ದ.

ವಿಶ್ವವಿದ್ಯಾಲಯದ ನಗರ ಯೋಜನೆ ವಿಭಾಗದಲ್ಲಿ ನಕ್ಷೆ ಬರೆಯುವುದು ಅವಳ ಕೆಲಸ. ನಾನು ಆಗ ಅವರ ಮನೆಯಲ್ಲಿದ್ದುಕೊಂಡು ಅದೇ ಕಟ್ಟಡದ ಕೆಳಗಿನ ಕಚೇರಿಯಲ್ಲಿ ಟೈಪು ಕುಟ್ಟುತ್ತಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವಳ ಕೋಣೆಗೆ ಹತ್ತಿದರೆ ಹೊರಗಿನ ಗದ್ದಲ ಮೆಟ್ಟಿಲ ಬುಡದಲ್ಲೇ ನಿಂತುಬಿಡುತ್ತಿತ್ತು. ಎತ್ತರದ ಕಿಟಕಿಗಳು, ಒಳಗಿನಿಂದ ಬೆಳಗುವ ಗಾಜಿನ ಮೇಜು, ಗೋಡೆಗೊರಗಿದ ಕಾಗದದ ಸುರುಳಿಗಳು. ಆ ಬೆಳಕಿನ ಮೇಲೆ ಬಗ್ಗಿದ ಚಿಕ್ಕಮ್ಮ ಬಾವಿಯಲ್ಲಿ ಇಣುಕುವವಳ ಹಾಗೆ ಕಾಣುತ್ತಿದ್ದಳು. ನಾನು ಕೆಮ್ಮಿ, ಡಬ್ಬಿ ಕುಕ್ಕಿ, ಕೊನೆಗೆ "ಚಿಕ್ಕಮ್ಮಾ" ಎಂದು ಕೂಗಿದ ಮೇಲೆಯೇ ಅವಳು ಮೇಲಕ್ಕೆ ಬರುತ್ತಿದ್ದುದು.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಗಾಜಿನ ಮೇಲೆ ಎರಡು ಹಾಳೆ ಹಾಸಿದಳು. ಒಂದು ನಗರಸಭೆಯದು, ಸಮುದ್ರದ ಉಬ್ಬರ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಬಂದರು ಕಚೇರಿಯದು. ಇಳಿತದಲ್ಲಿ ನೀರು ಎಲ್ಲಿಗೆ ಸರಿಯುತ್ತದೋ ಅಲ್ಲಿಂದ ಶುರುವಾಗುತ್ತದೆ. ಎರಡರ ನಡುವೆ ರಿಬ್ಬನ್ನಿನಂಥ ಒಂದು ಪಟ್ಟಿಯಲ್ಲಿ ಬರೀ ಬೆಳಕು.

"ನಿನ್ನ ಚಿಕ್ಕಪ್ಪ ಇರೋದು ಇಲ್ಲಿ" ಎಂದು ಆ ಬೆಳಕಿನ ಮೇಲೆ ಬೆರಳಿಟ್ಟಳು.

ನಿಜವೇ. ಚಿಕ್ಕಪ್ಪ ಮರದ ದೋಣಿ ರಿಪೇರಿ ಮಾಡುವವನು. ಅವನ ಶೆಡ್ಡು ನಿಂತಿದ್ದುದು ಅರ್ಧ ದಿನ ನೆಲ, ಅರ್ಧ ದಿನ ನೀರಾಗಿರುವ ಜಾಗದಲ್ಲಿ, ಗೂಟಗಳ ಮೇಲೆ. ಒಂದು ನಲ್ಲಿ ಹಾಕಿಸಿಕೊಡಿ ಎಂದರೆ ನಗರಸಭೆಯವರು ಬಂದರಿಗೆ ಹೋಗು ಎಂದರು, ಬಂದರಿನವರು ನಗರಸಭೆಗೆ ಹೋಗು ಎಂದರು. ಅಲೆದಲೆದು ಅವನ ಚಪ್ಪಲಿ ಸವೆಯಿತೇ ಹೊರತು ನಲ್ಲಿ ಬರಲಿಲ್ಲ. "ಇವರ ಲೆಕ್ಕದಲ್ಲಿ ನಾನು ಹುಟ್ಟೇ ಇಲ್ಲ. ಹುಟ್ಟದವನಿಗೆ ನೀರು ಯಾಕೆ?" ಎಂದು ನಗುತ್ತ ಕೊಡ ಹೊರುವುದಕ್ಕೆ ಶುರುಮಾಡಿದ.

ಆ ವರ್ಷ ಎರಡೂ ಕಚೇರಿಗಳಿಗೆ ದಡದುದ್ದಕ್ಕೂ ಒಂದು ರಸ್ತೆ ಬೇಕಾಯಿತು. ಒಬ್ಬರ ಅಳತೆಯನ್ನು ಇನ್ನೊಬ್ಬರು ನಂಬುವವರಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು: ಊರಿಗೂ ಸಮುದ್ರಕ್ಕೂ ಸೇರಿಸಿ ಒಂದೇ ನಕ್ಷೆ ಬರೆದುಕೊಡಿ. ವಿಭಾಗದ ಮೇಷ್ಟ್ರು ಮೆಲುಮಾತಿನ ಮನುಷ್ಯ. ನಡುವಿನ ಪಟ್ಟಿಯನ್ನು ಚಿಕ್ಕಮ್ಮನಿಗೇ ವಹಿಸಿದರು. ಅಲ್ಲಿ ತನ್ನ ಗಂಡನ ಶೆಡ್ಡಿದೆ, ಅದಕ್ಕೆ ಯಾರ ಅನುಮತಿಯೂ ಇಲ್ಲ ಎಂದು ಅವಳು ಮೊದಲೇ ಹೇಳಿದಳು.

"ಇರೋದನ್ನ ಬರೀಮ್ಮ" ಎಂದರು ಮೇಷ್ಟ್ರು. "ಅಲ್ಲಿ ಏನಾಗಬೇಕು ಅನ್ನೋದನ್ನ ಸಭೆ ಕರೆದು ಊರವರ ಮುಂದೆ ತೀರ್ಮಾನ ಮಾಡ್ತಾರೆ. ಆದರೆ ಸಭೆಯಲ್ಲಿ ನೀನು ಬಾಯಿ ಬಿಡೋ ಹಾಗಿಲ್ಲ. ನಕ್ಷೆ ಬರೆದವರು ಯಾರದೋ ಪರ ಮಾತಾಡಿದರು ಅಂದ್ರೆ ನಕ್ಷೆನೂ ಹೋಯ್ತು, ನಿನ್ನ ಕೆಲಸನೂ ಹೋಯ್ತು."

ಆ ಸಂಜೆ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ಚಿಕ್ಕಪ್ಪ ತಟ್ಟೆಯಿಂದ ಕೈ ಎತ್ತಿದ.

"ನನ್ನ ಬಿಟ್ಬಿಡು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಹೇಗೋ ಬದುಕಿದ್ದೀನಿ."

"ಬಿಟ್ರೆ ಅಲ್ಲಿ ಖಾಲಿ ಜಾಗ ಕಾಣುತ್ತೆ ರೀ. ಖಾಲಿ ಕಂಡ್ರೆ ರಸ್ತೆ ನೆಟ್ಟಗೆ ಅದರ ಮೇಲೇ ಬರುತ್ತೆ."

"ಬರೆದ್ರೆ ನಾಳೆನೇ ನೋಟಿಸ್ ಬರುತ್ತೆ."

"ಬರಬಹುದು."

"ಆಮೇಲೆ?"

ಅವಳು ಸಾರಿನ ಪಾತ್ರೆಯನ್ನು ಅವನ ಕಡೆ ಸರಿಸಿದಳು. ನಾನು ಚಿಕ್ಕಪ್ಪನ ಕಡೆ. ಗಂಡನ ಹೊಟ್ಟೆಯ ಮೇಲೆ ಹೊಡೆಯುವುದಕ್ಕೂ ಅಳತೆಪಟ್ಟಿ ಬೇಕಾ ಎಂದು ನೇರವಾಗಿಯೇ ಕೇಳಿದೆ. ಅವಳು ನನ್ನನ್ನು ನೋಡಿದಳು. ಅಪರೂಪಕ್ಕೆ ನಿಜವಾಗಿಯೂ ನನ್ನನ್ನೇ ನೋಡಿದಳು.

ಮರುದಿನ ಅವಳು ಪಟ್ಟಿ ಅಳೆಯಲು ಹೋದಾಗ ನಾನೂ ಜೊತೆಗೆ ಹೋದೆ. ಇಳಿತದ ಹೊತ್ತು. ಒದ್ದೆ ಮರಳಿನಲ್ಲಿ ಆಕಾಶ ಬಿದ್ದಿತ್ತು, ಅವಳು ಅದರ ಮೇಲೆ ಟೇಪು ಎಳೆಯುತ್ತ ನಡೆದಳು. ಚಿಕ್ಕಪ್ಪ ದೋಣಿ ತಲುಪಿಸಲು ಹೋಗಿದ್ದ. ಅಳತೆ ಮುಗಿದರೂ ಅವಳಿಗೆ ಏಳುವ ಮನಸ್ಸಿಲ್ಲ. ಶೆಡ್ಡಿನ ಹಲಗೆಗಳ ಮೇಲೆ ಕಾಲು ಇಳಿಬಿಟ್ಟು ಕೂತಳು, ನಾನೂ ಕೂತೆ. ನೀರು ಸದ್ದಿಲ್ಲದೆ ಮರಳಿತು. ಮೊದಲು ಗೂಟಗಳ ಬುಡ, ಆಮೇಲೆ ಅವಳ ಹೆಜ್ಜೆಗುರುತು, ಆಮೇಲೆ ನಮ್ಮ ಪಾದ. ಮಾಡಿನ ಒಳಮೈಯಲ್ಲಿ ಬಿಸಿಲು ತೇಲಾಡಿತು. ಮಗುಚಿ ಇಟ್ಟ ದೋಣಿ, ಟಾರಿನ ಡಬ್ಬ, ಚಿಕ್ಕಪ್ಪನ ಹಳೇ ಅಂಗಿ, ಎಲ್ಲವೂ ಮೆಲ್ಲಗೆ ಉಸಿರಾಡುತ್ತಿರುವ ಹಾಗೆ ಕಂಡಿತು. ನಾವಿಬ್ಬರೂ ಎಲ್ಲೋ ಹೊರಟುಬಿಟ್ಟಿದ್ದೇವೆ, ಊರು ಹಿಂದೆ ಉಳಿದಿದೆ ಎನ್ನಿಸಿತು. ಇಂಥ ಜಾಗವನ್ನು ಯಾವ ಮನಸ್ಸಿನಿಂದ ಖಾಲಿ ಎಂದು ಬರೆಯುವುದು? ನನಗೆ ಅವಳ ಕಷ್ಟ ಅರ್ಥವಾದದ್ದು ಅಲ್ಲಿ.

ಅವಳು ಬರೆದಳು. ಬರೆದ ದಿನವೇ ಚಿಕ್ಕಪ್ಪನಿಗೆ ಹೇಳಿದಳು. ಅವನು ದಿಂಬು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋದವನು ಅಲ್ಲೇ ಇದ್ದುಬಿಟ್ಟ. ಊಟ ನಾನೇ ಒಯ್ದುಕೊಡುತ್ತಿದ್ದೆ. ಅವನು ಅವಳ ಬಗ್ಗೆ ಕೇಳುತ್ತಿರಲಿಲ್ಲ, ಅವಳೂ ಅಷ್ಟೇ. ಆದರೆ ಡಬ್ಬಿ ಖಾಲಿಯಾಗಿ ಬಂತೋ ಇಲ್ಲವೋ ಎಂದು ಅವಳು ಮುಚ್ಚಳ ತೆಗೆದು ನೋಡುವುದು ಮಾತ್ರ ತಪ್ಪಲಿಲ್ಲ.

ಸಭೆ ನಡೆದದ್ದು ವಿಶ್ವವಿದ್ಯಾಲಯದ ದೊಡ್ಡ ಹಾಲಿನಲ್ಲಿ. ನಕ್ಷೆಯನ್ನು ದೊಡ್ಡದು ಮಾಡಿ ನೆಲದ ತುಂಬ ಹಾಸಿದ್ದರು. ಚಪ್ಪಲಿ ಬಿಟ್ಟು ಬನ್ನಿ, ನಿಮ್ಮ ನಿಮ್ಮ ಜಾಗದಲ್ಲಿ ನಿಂತು ಮಾತಾಡಿ ಎಂದರು ಮೇಷ್ಟ್ರು. ಜನ ಮೊದಲು ನಾಚಿದರು, ಆಮೇಲೆ ತಮ್ಮ ಓಣಿ ಹುಡುಕಿಕೊಂಡು ಹೊರಟರು. ಒಬ್ಬ ಅಜ್ಜಿ ತನ್ನ ಮನೆಯ ಮೇಲೆ ನಿಂತು ಪಕ್ಕದವಳಿಗೆ "ಸ್ವಲ್ಪ ಆಚೆ ಸರಿ, ನನ್ನ ಅಡುಗೆಮನೆ ತುಳೀತಿದ್ದೀಯ" ಎಂದಳು. ಮೀನುಗಾರರು ನೀಲಿಯ ಮೇಲೆ ಹಾಯಾಗಿ ನಡೆದಾಡಿದರು. ಊರು, ಸಮುದ್ರ ಎರಡೂ ತುಂಬಿದವು. ನಡುವಿನ ಅಂಗೈ ಅಗಲದ ಪಟ್ಟಿಯಲ್ಲಿ ಯಾರೂ ಇಲ್ಲ.

ರಸ್ತೆಯ ಉಸ್ತುವಾರಿಯ ಅಧಿಕಾರಿ ಅಲ್ಲಿಗೆ ಬಂದು ಬಗ್ಗಿ ನೋಡಿದರು. "ಈ ಶೆಡ್ಡು ಯಾರದು?"

ಹೇಳಿದರೆ ಚಿಕ್ಕಪ್ಪನಿಗೆ ನೋಟಿಸ್ ಬರುತ್ತದೆಂದು ಮೀನುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಮ್ಮ ಗೋಡೆಗೆ ಒತ್ತಿ ನಿಂತಿದ್ದಳು.

"ವಾರಸುದಾರರಿಲ್ಲ ಅಂತ ಬರ್ಕೊಳ್ಳಿ. ತೆಗೆಸಿಬಿಟ್ರೆ ರಸ್ತೆ ನೇರ ಹೋಗುತ್ತೆ" ಎಂದರು ಅಧಿಕಾರಿ.

ಚಿಕ್ಕಮ್ಮನ ತುಟಿ ಬಿಚ್ಚಿತು. ಮೇಷ್ಟ್ರು ಅವಳ ಕಡೆ ತಿರುಗಿದರು.

"ನಂದು."

ಬಾಗಿಲಲ್ಲಿ ಚಿಕ್ಕಪ್ಪ. ಕೈಗೆಲ್ಲ ಟಾರು. ಚಪ್ಪಲಿ ಬಿಟ್ಟು, ಊರಿನ ಬೀದಿಗಳನ್ನು ದಾಟಿಕೊಂಡು ಬಂದು ಪಟ್ಟಿಯ ಮೇಲೆ ನಿಂತ. ಹಿಮ್ಮಡಿ ಊರಿನಲ್ಲಿ, ಬೆರಳು ಸಮುದ್ರದಲ್ಲಿ.

"ಅನುಮತಿ ಇದೆಯೇನ್ರಿ?"

"ಇಲ್ಲ ಸಾರ್. ಕೊಡೋರು ಯಾರು ಅಂತ ಇವತ್ತಾದ್ರೂ ತೀರ್ಮಾನ ಆಗ್ಲಿ."

ಹಾಲಿನಲ್ಲಿ ನಗೆ ಎದ್ದಿತು. ನೀಲಿಯ ಮೇಲಿದ್ದ ಮೀನುಗಾರರು ಒಬ್ಬೊಬ್ಬರಾಗಿ ಬಂದು ಅವನ ಪಕ್ಕ ನಿಂತರು. ಅವರ ದೋಣಿಗಳೆಲ್ಲ ಅಲ್ಲೇ ತಾನೇ ರಿಪೇರಿಯಾಗುತ್ತಿದ್ದುದು. ಮುಂದೆ ರಸ್ತೆ ಶೆಡ್ಡಿನ ಹಿಂದಿನಿಂದ ಹಾದುಹೋಯಿತು, ಅನುಮತಿಯೂ ಸಿಕ್ಕಿತು. ಆದರೆ ಆ ಸಂಜೆ ಅದೇನೂ ಯಾರಿಗೂ ಗೊತ್ತಿರಲಿಲ್ಲ.

ದಡದ ದಾರಿ ಹಿಡಿದು ಮನೆಗೆ ಹೊರಟೆವು. ಅವರಿಬ್ಬರೂ ಮುಂದೆ, ನಾನು ಹಿಂದೆ.

"ಹೆಬ್ಬೆರಳಿನಷ್ಟು ಬರೆದಿದ್ದೀಯಲ್ಲೇ ನನ್ನ" ಎಂದ ಚಿಕ್ಕಪ್ಪ.

"ಅಳತೆ ಇರೋದೇ ಅಷ್ಟು ರೀ." ಅವಳು ನಿಂತು ಅವನ ಕಡೆ ತಿರುಗಿದಳು. "ನೀವು ಬರದೇ ಇದ್ದಿದ್ರೆ ನಾನೇ ಹೇಳಿಬಿಡ್ತಿದ್ದೆ. ಕೆಲಸ ಹೋದ್ರೆ ಹೋಗ್ಲಿ ಅಂತ."

"ಗೊತ್ತು. ಶುರುವಿನಿಂದ ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಬರೋ ಯೋಚನೆ ಇರಲಿಲ್ಲ" ಎಂದ ಚಿಕ್ಕಪ್ಪ. "ನೀನು ಬಾಯಿ ತೆಗೆದೆ ನೋಡು, ಅದಕ್ಕೇ ಬಂದೆ."