ನಾಲಿಗೆ ಹೊರಳದ ಹೆಸರು

ಥ್ರಾಂಬೊಸೈಟೊಪೀನಿಯಾ. ಈಗ ತಡವರಿಸದೆ ಹೇಳುತ್ತೇನೆ. ಹೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

ಮಗಳು ಆಗ ಏಳನೇ ಕ್ಲಾಸು. ಜ್ವರ ಇಳಿಯದಿದ್ದಾಗ ನಮ್ಮತ್ತೆ ಊರಮ್ಮನಿಗೆ ಹರಕೆ ಹೊತ್ತರು: ವಾಸಿಯಾದರೆ ಹುಡುಗಿಗೆ ನಿನ್ನ ಮುಂದೆಯೇ ಮೂಗು ಚುಚ್ಚಿಸುತ್ತೇವೆ ತಾಯಿ ಅಂತ. ಜ್ವರ ಇಳಿಯಿತು. ಶುಕ್ರವಾರ ಗುಡಿಗೆ ಬರಲು ಶ್ರೀರಾಂಪುರದ ಅಕ್ಕಸಾಲಿಗೆ ಹೇಳಿಯೂ ಆಯಿತು. ಅಷ್ಟರಲ್ಲಿ, ಎಲ್ಲೂ ಬೀಳದಿದ್ದರೂ ಮಗಳ ಕಾಲಿನ ತುಂಬ ನೀಲಿ ಕಲೆ. ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ರಕ್ತಪರೀಕ್ಷೆಯ ರಿಪೋರ್ಟು ನೋಡಿ, ಆ ಹೆಸರನ್ನು ಒಂದೇ ಉಸಿರಿಗೆ ಹೇಳಿ ಮಾತ್ರೆ ಬರೆಯತೊಡಗಿದರು.

"ಹಂಗಂದ್ರೆ ಏನ್ ಸಾರ್?"

"ನಿಮಗೆ ನಾಲಿಗೆ ಹೊರಳಲ್ಲಮ್ಮ ಅದು. ಮಾತ್ರೆ ಕೊಡ್ರಿ, ಮುಂದಿನ ವಾರ ಬರ್ರಿ."

ಹೊರಗೆ ಬೆಂಚಿನ ಮೇಲೆ ಕುಂತೆ. ಮೈಯೆಲ್ಲ ಉರಿಯುತ್ತಿತ್ತು. ನಾಲಿಗೆ ಹೊರಳಲ್ಲವಂತೆ! ಮಂಗಳವಾರದ ಭಜನೆಯಲ್ಲಿ ಮಾರುದ್ದದ ಸಂಸ್ಕೃತ ಹೆಸರುಗಳನ್ನು ಹೇಳುವ ನಾಲಿಗೆ ಇದು. ಅಲ್ಲಿ ಕಲಿಸುವ ಅಕ್ಕ ಒಂದೊಂದು ಹೆಸರನ್ನೂ ಬಿಡಿಸುತ್ತಾರೆ, ಇಲ್ಲಿ ಉಸಿರು ತಗಳ್ರಿ, ಇದರ ಅರ್ಥ ಇದು ಅಂತ. ದೇವಿಯನ್ನೇ ಅರ್ಥ ತಿಳಿಯದೆ ಕರೆಯುವುದಿಲ್ಲ ನಾವು. ಮಗಳ ಮೈಯಲ್ಲಿ ಸೇರಿಕೊಂಡಿದ್ದು ಏನೆಂದು ತಿಳಿಯದೆ ಬಸ್ಸು ಹತ್ತಲೇ?

ಮಗಳ ಕೈ ಹಿಡಿದು ಮತ್ತೆ ಒಳಗೆ ನುಗ್ಗಿ, ಡಾಕ್ಟರ ಎದುರಿನ ಸ್ಟೂಲಿನ ಮೇಲೆ ಕುಂತೆ.

"ಸಾರ್, ಬಿಡಿಸಿ ಹೇಳ್ರಿ. ಹೇಳೋಗಂಟ ನಾನು ಏಳಲ್ಲ."

"ಅಮ್ಮಾ, ಹೋಗಾಣ ಬಾರಮ್ಮ, ಎಲ್ರೂ ನೋಡ್ತಾ ಅವ್ರೆ" ಎಂದು ಮಗಳು ಸೆರಗು ಎಳೆದಳು.

"ನೋಡ್ಲಿ ಸುಮ್ಕಿರೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಥ್ರಾಂಬೊ, ರಕ್ತ ಹೆಪ್ಪುಗಟ್ಟೋದು. ಸೈಟೊ, ಕಣ. ಪೀನಿಯಾ, ಕಮ್ಮಿ ಇರೋದು. ಆಯ್ತಾ?"

"ಅಂದ್ರೆ ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ವಾ?"

"ನಿಲ್ಲಲ್ಲ. ಇವಳಿಗೆ ತೀರಾ ಕಮ್ಮಿ ಐತೆ."

"ಶುಕ್ರವಾರ ಮೂಗು ಚುಚ್ಚಿಸ್ಬೇಕು ಅಂತಿದ್ವಿ."

ಅವರು ಕುರ್ಚಿಯಿಂದ ಅರ್ಧ ಎದ್ದರು. "ಸೂಜಿ ಮುಟ್ಟಿಸ್ಬೇಡ್ರಿ! ಇದನ್ನ ಮೊದ್ಲೇ ಹೇಳೋದಲ್ವೇನಮ್ಮ?"

"ನೀವು ಕೇಳಿದ್ರಾ ಸಾರ್?"

ಮನೆಗೆ ಬಂದರೆ ಅತ್ತೆ ಮುಖ ಊದಿಸಿಕೊಂಡರು. "ಹರಕೆ ತಪ್ಪಿದ್ರೆ ಅಮ್ಮ ಬಿಡ್ತಾಳೇನೇ?" ಅವರಿಗೂ ಕೂರಿಸಿಕೊಂಡು ಬಿಡಿಸಿ ಹೇಳಿದೆ: ಹೆಪ್ಪು, ಕಣ, ಕಮ್ಮಿ. ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದು ನಿಂತಿತು. ಎದ್ದು ಹೋಗಿ ಅದನ್ನು ಉಗಿದು ಬಂದು ಹೇಳಿದರು, "ಚುಚ್ಚಿಸ್ತೀನಿ ಅಂದಿದ್ದೆ. ಯಾವತ್ತು ಅಂತ ಅಂದಿರ್ಲಿಲ್ಲ ಬಿಡು." ಶುಕ್ರವಾರ ಮೂಗುಬೊಟ್ಟನ್ನು ಅಮ್ಮನ ಪಾದದ ಹತ್ತಿರ ಇಟ್ಟು ಬಂದರು.

ಮಾತ್ರೆ ಕೊಟ್ಟು ವಾಸಿ ಮಾಡಿದ್ದು ಅದೇ ಡಾಕ್ಟರು, ಅದನ್ನು ಮರೆಯುವುದಿಲ್ಲ. ಮಗಳು ಸೆರಗು ಎಳೆದಾಗ ನಾನು ಏಳಲಿಲ್ಲವಲ್ಲ, ಅದೂ ಅಮ್ಮನ ದಯೆಯೇ. ಆದರೆ ಆ ಮೂರು ಮಾತು ಹೇಳಲು ಒಲೆ ಮೇಲಿನ ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಅದಕ್ಕೂ ನಾನು ಜಗಳಕ್ಕೆ ಕೂರಬೇಕಾಯಿತು. ಜಗಳ ಬಾರದ ತಾಯಂದಿರು ಏನು ಮಾಡಬೇಕು?

ಮರುವರ್ಷ ಡಾಕ್ಟರು ಒಪ್ಪಿದ ಮೇಲೆ ಮೂಗು ಚುಚ್ಚಿಸಿದೆವು. ಒಂದು ಹನಿ ರಕ್ತ ಬಂತು. ಅದು ನಿಲ್ಲುವವರೆಗೂ ನಾನು ಉಸಿರು ಬಿಡಲಿಲ್ಲ.