ಎದುರುಬದುರು ಕೂತರೂ ಕಾಣದ ಕಂಪ್ಯೂಟರ್

ಫ್ರೆಂಡ್ಸ್, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ನಾಲ್ಕು ಗಂಟೆಯೊಳಗೆ ಕಾಲೇಜಿನಿಂದ ನಡತೆ ಪ್ರಮಾಣಪತ್ರ ತಂದುಕೊಡದಿದ್ದರೆ ಹೊಸಪೇಟೆಯ ಹಾಸ್ಟೆಲ್‌ನಲ್ಲಿ ನನ್ನ ಸೀಟು ಕ್ಯಾನ್ಸಲ್. ಕಾಲೇಜು ಆಫೀಸಿನ ಕ್ಲರ್ಕ್ ಪತ್ರ ಟೈಪ್ ಮಾಡಿಟ್ಟಿದ್ದರು. ಪ್ರಿಂಟರ್ ಇರುವುದು ಮಾತ್ರ ಎದುರು ಮೇಜಿನ ಮ್ಯಾನೇಜರ್ ಕಂಪ್ಯೂಟರಿಗೆ.

"ಅವರ ಕಂಪ್ಯೂಟರ್ ನನ್ನದರಾಗ ಕಾಣವಲ್ದು. ನೀ ಕಂಪ್ಯೂಟರ್ ಸೈನ್ಸ್ ಅಲ್ಲೇನವಾ? ನೋಡು ಬಾ."

ನಾನಿನ್ನೂ ಫಸ್ಟ್ ಇಯರ್! ಆದರೂ ಮೇಜಿನ ಕೆಳಗೆ ತೂರಿ ಕೇಬಲ್ ನೋಡಿದೆ, ಸೆಟ್ಟಿಂಗ್ಸ್ ಹುಡುಕಿದೆ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಶೇರಿಂಗ್ ಆಫ್ ಆಗಿತ್ತು. ಆನ್ ಮಾಡಿದ ಕೂಡಲೇ ಕ್ಲರ್ಕ್ ಕಂಪ್ಯೂಟರಿನಲ್ಲಿ ಕಾಣಿಸಿತು. ಅಷ್ಟರಲ್ಲಿ ಚಹಾ ಕುಡಿದು ಬಂದ ಮ್ಯಾನೇಜರ್ ಅದನ್ನು ಮತ್ತೆ ಆಫ್ ಮಾಡಿದರು.

"ನಾನ ಆಫ್ ಮಾಡಿಟ್ಟೀನಿ. ಇವರು ನನ್ನ ರಜಾ ಅರ್ಜಿ ತೆಗೆದು ಓದ್ತಾರ."

"ಸರ್, ಪೆನ್‌ಡ್ರೈವ್‌ನಲ್ಲಿ ತರಲಾ?"

"ಬ್ಯಾಡ, ವೈರಸ್ ಬರ್ತದ. ಇಲ್ಲೇ ಕುಂತು ಇನ್ನೊಮ್ಮೆ ನೀನ ಟೈಪ್ ಮಾಡು. ಜಲ್ದಿ!"

ಆಗ ಗಂಟೆ ಮೂರೂವರೆ. ಟೈಪ್ ಮಾಡಿದೆ, ಸಹಿ ಸಿಕ್ಕಿತು, ಸೀಟೇನೋ ಉಳಿಯಿತು. ಆದರೆ ಕೀಬೋರ್ಡ್ ಎತ್ತಿ ಒಗೆಯುವಷ್ಟು ಸಿಟ್ಟಿನಲ್ಲಿ ನನ್ನ ಬಗ್ಗೆ ನಾನೇ ಟೈಪ್ ಮಾಡಿದ ಸಾಲು ಇದು: "ಸದರಿ ವಿದ್ಯಾರ್ಥಿನಿ ಶಾಂತ ಸ್ವಭಾವದವಳು."