ಮಾದೇವಣ್ಣನ ನಗುವೂ ನಮ್ಮ ಗ್ರಾಫಿಕ್ಸ್ ಕಾರ್ಡೂ

ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುವುದನ್ನು ನೋಡುತ್ತ ಕೂರುವ ಕೆಲಸಕ್ಕೂ ಒಂದು ಘನತೆಯಿತ್ತು ಎಂದರೆ ನೀವು ನಗಬಹುದು. ಗಡಿಯಾಚೆಯ ಕಾಟ್ಟಿಕುಳಂನಲ್ಲಿ ಬಸ್ಸುಗಳು ನಿಲ್ಲುವ ಜಾಗದ ಎದುರಿಗಿರುವ ನಮ್ಮ ಪುಟ್ಟ ಸ್ಟುಡಿಯೋದಲ್ಲಿ, ಮದುವೆಯ ವಿಡಿಯೋವನ್ನು ಕತ್ತರಿಸಿ ಜೋಡಿಸಿಯಾದ ಮೇಲೆ ಅದನ್ನು ಒಂದು ಫೈಲಾಗಿ ಹೊರತೆಗೆಯಲು ಹಳೆಯ ಕಂಪ್ಯೂಟರಿಗೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು. ಮದುವೆ ಮನೆಯವರು ಬಂದು ವಿಚಾರಿಸಿದರೆ ನಾನು ಋಷಿಸದೃಶ ಗಾಂಭೀರ್ಯದಿಂದ ಆ ಪಟ್ಟಿಯನ್ನು ತೋರಿಸಿ "ಆಗ್ತಾ ಇದೆ" ಎನ್ನುತ್ತಿದ್ದೆ. ಏನೂ ಮಾಡದೆ ದುಡಿಯುತ್ತಿರುವಂತೆ ಕಾಣುವ ಭಾಗ್ಯ ಎಲ್ಲರಿಗೂ ಒದಗುವಂಥದ್ದಲ್ಲ.

ಆ ಭಾಗ್ಯಕ್ಕೆ ಕಲ್ಲು ಹಾಕಿದವನು ನನ್ನ ಹೆಂಡತಿಯ ತಮ್ಮನೂ ಸ್ಟುಡಿಯೋದಲ್ಲಿ ನನ್ನ ಪಾಲುದಾರನೂ ಆದ ವಿನೋದ. ಕಲ್ಲಿಕೋಟೆಯಿಂದ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಿ, ಇನ್ನು ಮೇಲೆ ವಿಡಿಯೋ ಕುಗ್ಗಿಸುವ ಕೆಲಸ ಪ್ರೊಸೆಸರಿನದಲ್ಲ, ಇದರದು ಎಂದು ಘೋಷಿಸಿದ. ಮಧ್ಯಾಹ್ನವನ್ನೇ ನುಂಗುತ್ತಿದ್ದ ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ನಾನು ಮಗುವಿನಂತೆ ಹಿಗ್ಗಿದೆ. ಬರುವವರಿಗೆಲ್ಲ ಅದನ್ನು ಹೊಸ ಅಳಿಯನನ್ನು ಪರಿಚಯಿಸುವಂತೆ ತೋರಿಸುತ್ತಿದ್ದೆ.

ವಿಡಿಯೋವನ್ನು ಚಿಕ್ಕದು ಮಾಡುವುದಕ್ಕೆ ಸಂಕೋಚನ ಎಂಬ ಶಬ್ದ ಒಪ್ಪುತ್ತದೆ. ಕಂಡದ್ದನ್ನೆಲ್ಲ ಇಟ್ಟುಕೊಂಡರೆ ಫೈಲು ಬೆಟ್ಟದಷ್ಟಾಗುತ್ತದೆ. ಆದ್ದರಿಂದ ನೋಡುವವರ ಕಣ್ಣು ಹೋಗದ ಕಡೆಯದನ್ನು ಕೈಬಿಡಬೇಕು. ಪ್ರೊಸೆಸರು ಒಂದೊಂದು ಚಿತ್ರವನ್ನೂ ಹಿಂದುಮುಂದಿನವುಗಳೊಡನೆ ತಾಳೆ ನೋಡಿ, ಮೀನಮೇಷ ಎಣಿಸಿ ಕೈಬಿಡುತ್ತದೆ. ಕಾರ್ಡಿಗೆ ಸಂಕೋಚನ ಗೊತ್ತು, ಸಂಕೋಚ ಗೊತ್ತಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಫೈಲು ಸ್ವಲ್ಪ ದೊಡ್ಡದಾದರೂ ಸರಿ ಎಂದು ಬಿಟ್ಟಿದ್ದರೆ ಅದೂ ಚೆನ್ನಾಗಿಯೇ ಮಾಡುತ್ತಿತ್ತು. ವಿನೋದ ಬಿಡಲಿಲ್ಲ. "ಸಾರಮಿಲ್ಲ, ಪರವಾಗಿಲ್ಲ ಭಾವ, ಎಲ್ರೂ ಫೋನಲ್ಲೇ ತಾನೇ ನೋಡೋದು" ಎಂದು ಆದಷ್ಟು ಚಿಕ್ಕದಾಗಿಸಿ, ಡಿಸ್ಕಿನಲ್ಲಿ ಜಾಗ ಬೇಕೆಂದು ಕ್ಯಾಮೆರಾದಿಂದ ಬಂದ ಮೂಲ ಚಿತ್ರಣವನ್ನು ಅಳಿಸಿಬಿಡುತ್ತಿದ್ದ.

ಇನ್ನು ಮಾದೇವಣ್ಣ. ಗುಂಡ್ಲುಪೇಟೆಯ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ನಮ್ಮ ಜನರ ಯಾವ ಮದುವೆಯೇ ಆಗಲಿ, ಅನ್ನದ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಓಡಾಡುವವನು ಅವನು. ಸಂಕೋಚವೇ ಮೈತಳೆದಂಥ ಮನುಷ್ಯ. ನನ್ನ ಕ್ಯಾಮೆರಾ ಕಂಡರೆ ಕಂಬದ ಮರೆಗೆ ಸರಿಯುತ್ತಿದ್ದ. ಕಾರ್ಡು ಬಂದ ಮೇಲೆ ನಡೆದ ಕೇಣಿಚಿರದ ಒಂದು ಮದುವೆಯಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಹಿಂದಿನ ದಿನದ ಸಂಜೆ ಅಂಗಳದಲ್ಲಿ ಮದುಮಗಳಿಗೆ ಮೆಹಂದಿ ಹಚ್ಚುತ್ತಿದ್ದಾಗ, ಹಿಂದೆ ಹಲಸಿನ ಮರದಡಿ ಯಾರೋ ಏನೋ ತಮಾಷೆ ಮಾಡಿದರು. ಮಾದೇವಣ್ಣ ಮೈಮರೆತು, ಮುಂದಿನ ಸೊಟ್ಟ ಹಲ್ಲು ಕಾಣುವಂತೆ ನಕ್ಕ. ಕ್ಯಾಮೆರಾ ಹಿಡಿದವನು ನಾನೇ.

ಈ ಮಳೆಗಾಲದಲ್ಲಿ ಜ್ವರ ಬಂದು ಮಾದೇವಣ್ಣ ಹೋಗಿಬಿಟ್ಟ. ಹೆಂಡತಿ ಜಯಮ್ಮ, ಮಗಳು ಸುಜಾತ ಸ್ಟುಡಿಯೋಗೆ ಬಂದರು. ಗೋಡೆಗೆ ಹಾಕಲು ಫೋಟೋ ಬೇಕಿತ್ತು. ಮನೆಯಲ್ಲಿದ್ದದ್ದು ಗುರುತಿನ ಚೀಟಿಯದೊಂದೇ, ಅದರಲ್ಲಿ ಅವನು ಕದಿಯುವಾಗ ಸಿಕ್ಕಿಬಿದ್ದವನಂತಿದ್ದ.

"ನಗೋದು ಒಂದೂ ಇಲ್ವಾ ಅಣ್ಣಾ?" ಎಂದಳು ಸುಜಾತ.

"ಯಾಕಿಲ್ಲ? ನಾನೇ ಹಿಡಿದಿದೀನಿ, ಕೂತ್ಕೊಳ್ಳಿ" ಎಂದೆ. ನನ್ನ ಕಸುಬಿನ ಬಗ್ಗೆ ಅಷ್ಟು ಅಭಿಮಾನ ನನಗೆ ಹಿಂದೆಂದೂ ಆಗಿರಲಿಲ್ಲ.

ಫೈಲು ತೆರೆದೆ. ಮದುಮಗಳ ಅಂಗೈಯ ಮೆಹಂದಿಯ ಎಳೆ ಎಳೆಯೂ ನಿಚ್ಚಳವಾಗಿತ್ತು. ಹಿಂದೆ ಹಲಸಿನ ಮರದಡಿಯ ಮಬ್ಬಿನಲ್ಲಿ, ಅಂಗಿಯಿಂದಷ್ಟೇ ಗುರುತು ಹಿಡಿಯಬಹುದಾದ ಒಬ್ಬ ಮನುಷ್ಯ, ಕೊರಳ ಮೇಲೆ ಮುಖವಿರಬೇಕಾದಲ್ಲಿ ಕೆಲವು ಕಂದು ಚೌಕಗಳು. ಚಿತ್ರವನ್ನು ಹಿಗ್ಗಿಸಿದಷ್ಟೂ ಚೌಕಗಳು ಹಿಗ್ಗಿದವು. ಆ ಮಬ್ಬಿನತ್ತ ಯಾರೂ ನೋಡುವುದಿಲ್ಲವೆಂದು ಯಂತ್ರ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಜಯಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. "ಹಿಂದೆ ನಿಂತಿದ್ರಲ್ಲ, ಅದಕ್ಕೇ. ಬಿಡಿ" ಎಂದರು.

ಅವರು ಬೈದಿದ್ದರೆ ಒಳ್ಳೆಯದಿತ್ತು. ಅವರು ಹೋದ ಮೇಲೆ ಅವರ ಪಾಲಿನ ಬೈಗುಳವನ್ನೂ ಸೇರಿಸಿ ವಿನೋದನಿಗೆ ಬೈದೆ. ಅವನು ಕೆಟ್ಟವನಲ್ಲ, ಮುಖ ಕೆಂಪಗೆ ಮಾಡಿಕೊಂಡು, "ನಾನು ಸರಿ ಮಾಡ್ತೀನಿ ಭಾವ" ಎಂದು ಕೂತ. ಅಸ್ಪಷ್ಟ ಮುಖಗಳನ್ನು ಸ್ಪಷ್ಟಗೊಳಿಸುವ ಒಂದು ತಂತ್ರಾಂಶವಿದೆಯಂತೆ. ಅದನ್ನು ನಡೆಸುವುದೂ ಅದೇ ಕಾರ್ಡು. ಅಳಿಸುವಾಗಿನ ಚುರುಕಿನಲ್ಲೇ ಅದು ಸೃಷ್ಟಿಗೂ ತೊಡಗಿ, ಚೌಕಗಳ ಜಾಗದಲ್ಲಿ ಒಂದು ಮುಖವನ್ನು ಬರೆಯಿತು: ನೀಟಾದ ಮೂಗು, ತಿದ್ದಿದ ಹುಬ್ಬು, ಪೇಸ್ಟಿನ ಜಾಹೀರಾತಿಗೆ ಒಪ್ಪುವ ಸಾಲುಹಲ್ಲು. ಎಲ್ಲೋ ಚೆನ್ನಾಗಿ ಬದುಕಿರುವ ಯಾವನೋ ಸಂಭಾವಿತ ಮಾದೇವಣ್ಣನ ಅಂಗಿ ತೊಟ್ಟು ನಗುತ್ತಿದ್ದ.

ಇದನ್ನು ಕೊಡುವುದು ಬೇಡ ಎಂದು ನಾನು ಹೇಳುವ ಮೊದಲೇ ವಿನೋದ ಸುಜಾತಳ ಫೋನಿಗೆ ಕಳಿಸಿಯಾಗಿತ್ತು. ಅವಳು ಓಡಿಬಂದಳು. "ಅಪ್ಪನೇ! ಎಷ್ಟು ಚೆನ್ನಾಗಿ ನಗ್ತಾ ಇದಾರೆ!" ಎಂದು ಅಳತೊಡಗಿದಳು. ಅಳುವವಳ ಎದುರು ಹಲ್ಲಿನ ವಿಚಾರ ಎತ್ತುವ ಧೈರ್ಯ ನನಗೆ ಬರಲಿಲ್ಲ. ದೊಡ್ಡದಾಗಿ ಅಚ್ಚು ಹಾಕಿ ಕಟ್ಟು ಹಾಕಿಸಿಕೊಟ್ಟೆವು.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಜಯಮ್ಮ ಕರೆದರು. ಜಗಲಿಯಲ್ಲಿ ಕೂತೆ. ಒಳಗೋಡೆಯ ಮೇಲೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಆ ಸಂಭಾವಿತ ನಗುತ್ತಿದ್ದ. ಬಂದ ನೆಂಟರೆಲ್ಲ ಮೆಚ್ಚಿದರಂತೆ. ಸುಜಾತ ನೀರು ತರಲು ಹಿತ್ತಲಿಗೆ ಹೋದಳು. ಜಯಮ್ಮ ಕಾಫಿ ಲೋಟವನ್ನು ನನ್ನ ಕೈಗಿತ್ತು, ಮಗಳಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ನೋಡೋಕೆ ಒಳ್ಳೆಯವರ ಹಾಗೇ ಕಾಣ್ತಾರೆ. ದಿನಾ ದೀಪ ಹಚ್ತಾ ಇದೀನಿ. ಯಾರಪ್ಪಾ ಅವರು?"